ಬಿಳಿ ಕಿಲುಬು, ಮುರಿದ ಬೋಲ್ಟು, ಭಾರವಾದ ಸ್ಟೀರಿಂಗ್: ಅಧ್ಯಯನ ಟಿಪ್ಪಣಿ

2018ರ ಮಾರ್ಚ್ 29ರಂದು ಟೆಸ್ಲಾ ಕಂಪನಿ ಸುಮಾರು 1,23,000 ಮಾಡೆಲ್ ಎಸ್ ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಯಿತು (ಇದಕ್ಕೆ ರೀಕಾಲ್ ಎನ್ನುತ್ತಾರೆ). ಎಲ್ಲವೂ 2016ರ ಏಪ್ರಿಲ್‌ಗೆ ಮೊದಲು ತಯಾರಾದವು. ದೋಷ ಬ್ಯಾಟರಿಯಲ್ಲೂ ಇರಲಿಲ್ಲ, ಸಾಫ್ಟ್‌ವೇರಿನಲ್ಲೂ ಇರಲಿಲ್ಲ. ಬಾಶ್ ಪೂರೈಸಿದ್ದ ಪವರ್ ಸ್ಟೀರಿಂಗಿನ ಬೋಲ್ಟುಗಳು ವಿಪರೀತ ಚಳಿಯ ಊರುಗಳಲ್ಲಿ, ಅದರಲ್ಲೂ ರಸ್ತೆಗೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣ ಚೆಲ್ಲುವ ಕಡೆ, ಕೊರೆದುಹೋಗುತ್ತಿದ್ದವು. ಬೇರೆ ಮಾಡೆಲ್‌ಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಆಗ ಹೇಳಲಾಗಿತ್ತು. 2020ರ ಫೆಬ್ರುವರಿಯಲ್ಲಿ ಅಮೆರಿಕ ಮತ್ತು ಕೆನಡಾದ ಸುಮಾರು 15,000 ಮಾಡೆಲ್ ಎಕ್ಸ್ ಕಾರುಗಳೂ ಇದೇ ಕಾರಣಕ್ಕೆ ಪಟ್ಟಿಗೆ ಸೇರಿದವು. ಆಟೊಮೊಬೈಲ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಲೋಹಶಾಸ್ತ್ರ, ಬೋಲ್ಟಿನ ಲೆಕ್ಕ, ಗ್ಯಾರೇಜಿನ ಕೈಕೆಲಸ ಮೂರೂ ಒಂದೇ ಬೋಲ್ಟಿನಲ್ಲಿ ಕೂಡಿವೆ.

ಈ ಬೋಲ್ಟು ಇರುವುದೆಲ್ಲಿ?

ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನಲ್ಲಿ ಪಂಪೂ ಇಲ್ಲ, ಆಯಿಲ್ಲೂ ಇಲ್ಲ. ಚಾಲಕ ಸ್ಟೀರಿಂಗ್ ಚಕ್ರ ತಿರುಗಿಸಿದಾಗ ಒಳಗಿನ ಒಂದು ತೆಳು ಸರಳು ಸ್ವಲ್ಪ ತಿರುಚಿಕೊಳ್ಳುತ್ತದೆ. ಸೆನ್ಸರ್ ಆ ತಿರುಚನ್ನು ಅಳೆದು ಇಸಿಯುಗೆ (ನಿಯಂತ್ರಿಸುವ ಪುಟ್ಟ ಕಂಪ್ಯೂಟರಿಗೆ) ತಿಳಿಸುತ್ತದೆ, ಇಸಿಯು ಮೋಟಾರಿಗೆ ಕರೆಂಟು ಬಿಡುತ್ತದೆ. ಮೋಟಾರು ಎಲ್ಲಿ ಕೂತಿದೆ ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ನಮ್ಮಲ್ಲಿ ಓಡುವ ಬಹುತೇಕ ಸಣ್ಣ ಕಾರುಗಳಲ್ಲಿ ಅದು ಸ್ಟೀರಿಂಗ್ ಕಾಲಮ್ಮಿನ ಮೇಲೆ, ಡ್ಯಾಶ್‌ಬೋರ್ಡಿನ ಹಿಂದೆ, ಅಂದರೆ ಕ್ಯಾಬಿನ್ನಿನ ಒಳಗೆ ಒಣ ಜಾಗದಲ್ಲಿರುತ್ತದೆ. ಭಾರದ ಕಾರುಗಳಲ್ಲಿ ಹೆಚ್ಚು ತಳ್ಳುಬಲ ಬೇಕಾಗುವುದರಿಂದ ಮೋಟಾರನ್ನು ಕೆಳಗೆ, ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಹಲ್ಲಿನ ಸರಳಾದ ರ್‍ಯಾಕ್ ಪಕ್ಕಕ್ಕೇ ಕಟ್ಟುತ್ತಾರೆ. ಅಲ್ಲಿ ಅದು ಹಲ್ಲಿನ ಬೆಲ್ಟೊಂದರ ಮೂಲಕ ಬಾಲ್ ನಟ್ (ಒಳಗೆ ಗುಂಡುಗಳಿರುವ ನಟ್ಟು) ತಿರುಗಿಸುವುದುಂಟು, ಅಥವಾ ಇನ್ನೊಂದು ಪಿನಿಯನ್ (ಸಣ್ಣ ಹಲ್ಲಿನ ಗಾಲಿ) ಮೂಲಕ ರ್‍ಯಾಕನ್ನು ತಳ್ಳುವುದುಂಟು. ರಸ್ತೆಯ ಕೆಸರು, ನೀರು, ಉಪ್ಪು ಎಲ್ಲ ನೇರ ಅಲ್ಲಿಗೇ ಎರಚುತ್ತವೆ. ಟೆಸ್ಲಾದಲ್ಲಿ ಮುರಿದದ್ದು ಈ ಸಹಾಯಕ ಮೋಟಾರನ್ನು ಸ್ಟೀರಿಂಗ್ ಗೇರಿನ ಹೌಸಿಂಗಿಗೆ (ಹೊರಕವಚಕ್ಕೆ) ಹಿಡಿದಿಟ್ಟ ಅಲ್ಯೂಮಿನಿಯಂ ಬೋಲ್ಟುಗಳು.

ಅಲ್ಯೂಮಿನಿಯಂ ಬೋಲ್ಟು ಯಾಕೆ?

ಕೇಳಿದೊಡನೆ ಕಾಸು ಉಳಿಸಲು ಮಾಡಿದ ಕೆಲಸ ಅನ್ನಿಸುತ್ತದೆ. ಆದರೆ ಇಂಥ ಬೋಲ್ಟು ಆರಿಸುವುದಕ್ಕೆ ಗಟ್ಟಿ ಕಾರಣಗಳಿವೆ. ಬೋಲ್ಟು ಎಂದರೆ ಗೂಟವಲ್ಲ, ಎಳೆದಿಟ್ಟ ಸ್ಪ್ರಿಂಗು. ಬಿಗಿದಾಗ ಅದು ಕೂದಲೆಳೆಯಷ್ಟು ಉದ್ದವಾಗುತ್ತದೆ. ಮತ್ತೆ ಕುಗ್ಗಲು ಹವಣಿಸುವ ಆ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ.

ಹೌಸಿಂಗ್ ಅಲ್ಯೂಮಿನಿಯಂ, ಬೋಲ್ಟು ಉಕ್ಕು ಎಂದಿಟ್ಟುಕೊಳ್ಳಿ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಉಕ್ಕು ಸುಮಾರು 12 ಪಾಲು. 30 ಮಿ.ಮೀ. ದಪ್ಪ ಹಿಡಿದ ಉಕ್ಕಿನ ಬೋಲ್ಟನ್ನು 20 ಡಿಗ್ರಿಯಲ್ಲಿ ಬಿಗಿದು ಕಾರನ್ನು ಮೈನಸ್ 40ಕ್ಕೆ ಒಯ್ದರೆ ಹೌಸಿಂಗ್ ಬೋಲ್ಟಿಗಿಂತ 0.02 ಮಿ.ಮೀ. ಹೆಚ್ಚು ಕುಗ್ಗುತ್ತದೆ. ಚೆನ್ನಾಗಿ ಬಿಗಿದ 10.9 ದರ್ಜೆಯ (ಹೆಚ್ಚು ಗಟ್ಟಿ ಉಕ್ಕಿನ) ಬೋಲ್ಟು ಒಟ್ಟು ಹಿಗ್ಗಿರುವುದೇ 0.09 ಮಿ.ಮೀ. ಆಸುಪಾಸು. ಬರೀ ಚಳಿಗೇ ಬಿಗಿಯ ಐದನೇ ಒಂದು ಪಾಲಿನವರೆಗೆ ಕರಗಬಹುದು. ಬೋಲ್ಟೂ ಅಲ್ಯೂಮಿನಿಯಮ್ಮೇ ಆದರೆ ಎರಡೂ ಜೊತೆಯಾಗಿ ಕುಗ್ಗುತ್ತವೆ, ಬಿಗಿ ಉಳಿಯುತ್ತದೆ. ತೂಕವೂ ಮೂರನೇ ಒಂದು ಪಾಲು. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿದಾಗ ಹುಟ್ಟುವ ಗ್ಯಾಲ್ವಾನಿಕ್ ಕೊರೆತದ ಕಾಟವೂ ಕಡಿಮೆ. ಲೆಕ್ಕ ಸರಿಯೇ ಇದೆ. ಅದನ್ನು ಕೆಡಿಸುವುದು ಉಪ್ಪು.

ಯಾವ ಉಪ್ಪು ಎಂಬುದೇ ಪ್ರಶ್ನೆ

ಮಂಜುಗಡ್ಡೆ ಕರಗಿಸಲು ಚೆಲ್ಲುವ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಎಷ್ಟೇ ಹಾಕಿದರೂ ಮೈನಸ್ 21 ಡಿಗ್ರಿಯಿಂದ ಕೆಳಗೆ ನೀರನ್ನು ದ್ರವವಾಗಿ ಇಡಲಾರದು. ಮೆಗ್ನೀಸಿಯಂ ಕ್ಲೋರೈಡಿಗೆ ಆ ಮಿತಿ ಸುಮಾರು ಮೈನಸ್ 33, ಕ್ಯಾಲ್ಸಿಯಂ ಕ್ಲೋರೈಡಿಗೆ ಸುಮಾರು ಮೈನಸ್ 50. ಕಡುಚಳಿಯ ಊರುಗಳು ಅವನ್ನು ನೆಚ್ಚಿಕೊಂಡಿರುವುದು ಇದಕ್ಕೇ.

ಬೋಲ್ಟಿಗೆ ಅಪಾಯ ತರುವ ಗುಣ ಇನ್ನೊಂದು. ಕರಾವಳಿಯ ಅಡುಗೆಮನೆಯಲ್ಲಿ ಮಳೆಗಾಲ ಬಂತೆಂದರೆ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ, ಅದೇ ಗುಣ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ತಾನೇ ದ್ರವವಾಗಲು ಆರ್ದ್ರತೆ ಶೇ 75ರಷ್ಟಾದರೂ ಇರಬೇಕು. ಮೆಗ್ನೀಸಿಯಂ, ಕ್ಯಾಲ್ಸಿಯಂ ಕ್ಲೋರೈಡುಗಳಿಗೆ ಕೋಣೆಯ ಉಷ್ಣಾಂಶದಲ್ಲಿ ಶೇ 30ರ ಆಸುಪಾಸು ಸಾಕು. (ಪುಡಿ ಉಪ್ಪಿಗಿಂತ ಹರಳುಪ್ಪು ಬೇಗ ಒದ್ದೆಯಾಗುವುದೂ ಅದರಲ್ಲಿ ಉಳಿದ ಮೆಗ್ನೀಸಿಯಂ ಲವಣದಿಂದಲೇ.) ಹೀಗಾಗಿ ಅಡುಗೆ ಉಪ್ಪು ಹತ್ತಿದ ಬೋಲ್ಟು ಬಿಸಿಲು ಕಂಡ ದಿನ ಒಣಗುತ್ತದೆ, ಮೆಗ್ನೀಸಿಯಂ ಲವಣ ಹತ್ತಿದ್ದು ಒಣಗುವುದೇ ಇಲ್ಲ. ರಸ್ತೆ ಒಣಗಿ ವಾರಗಳಾದರೂ ಬೋಲ್ಟಿನ ತಲೆಯಡಿ ಕ್ಲೋರೈಡ್ ನೀರು ನಿಂತೇ ಇರುತ್ತದೆ.

ಅಲ್ಯೂಮಿನಿಯಮ್ಮನ್ನು ಕಾಯುವುದು ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ. ಕ್ಲೋರೈಡ್ ಅದನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತೂತಿನ ಒಳಗೆ ನೀರು ಆಮ್ಲವಾಗುತ್ತ ಹೋಗಿ ಕೊರೆತ ಆಳಕ್ಕಿಳಿಯುತ್ತದೆ. ಬೋಲ್ಟು ಸದಾ ಎಳೆತದಲ್ಲಿರುವುದರಿಂದ ಗುಂಡಿಯ ತುದಿಯಲ್ಲಿ ಬಿರುಕು ಬಾಯಿಬಿಡುತ್ತದೆ, ಲೋಹದ ಕಣಗಳ ಗಡಿ ಹಿಡಿದು ಒಳಸೇರುತ್ತದೆ. ಇದಕ್ಕೆ ಒತ್ತಡ ಕೊರೆತದ ಬಿರುಕು ಎನ್ನುತ್ತಾರೆ. ಹೊರಗೆ ಕಾಣುವುದು ಸುಣ್ಣದಂಥ ಬಿಳಿ ಕಿಲುಬು ಮಾತ್ರ. ಕೆಂಪು ತುಕ್ಕನ್ನೇ ಹುಡುಕುವ ಕಣ್ಣಿಗೆ ಇದು ಧೂಳಿನಂತೆ ಕಂಡು ತಪ್ಪಿಹೋಗುತ್ತದೆ. ಉಕ್ಕಿನ ಬೋಲ್ಟಿಗೂ ಪೂರ್ತಿ ರಕ್ಷೆಯಿಲ್ಲ. 12.9ರಂಥ ಅತಿ ಗಡುಸು ದರ್ಜೆಯ ಬೋಲ್ಟಿನ ಲೇಪನ ಹೋದರೆ ಹೈಡ್ರೋಜನ್ ಒಳಸೇರಿ ಅದೂ ಗಾಜಿನಂತೆ ಮುರಿಯಬಲ್ಲದು.

ಮುರಿದ ಮೇಲೆ

ಒಂದು ಬೋಲ್ಟು ಹೋದರೆ ಅದರ ಪಾಲಿನ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ. ಅವೂ ಅದೇ ಉಪ್ಪು ತಿಂದಿರುತ್ತವೆ, ಹಾಗಾಗಿ ಎರಡನೆಯದು ಹೆಚ್ಚು ಕಾಯಿಸುವುದಿಲ್ಲ. ಮೋಟಾರು ಹೌಸಿಂಗಿನಿಂದ ಸ್ವಲ್ಪ ವಾಲಿದರೂ ಬೆಲ್ಟಿನ ಬಿಗಿ ಸಡಿಲಾಗಿ ಹಲ್ಲು ಜಾರಬಹುದು. ಸೀಲಿನ ಅಂಚಿನಲ್ಲಿ ಸಂದು ಬಿಟ್ಟು ನೀರು ಒಳಹೊಕ್ಕರೆ ಮೋಟಾರಿಗೆ ಅಂಟಿಕೊಂಡಿರುವ ಇಸಿಯು ಕೂಡ ಕೆಡುತ್ತದೆ. ಲೆಕ್ಕ ತಾಳೆಯಾಗದಾಗ ಇಸಿಯು ಸಹಾಯವನ್ನು ಕಡಿಮೆ ಮಾಡುತ್ತದೆ ಇಲ್ಲವೇ ನಿಲ್ಲಿಸುತ್ತದೆ, ದೀಪ ಹೊತ್ತುತ್ತದೆ.

ಸ್ಟೀರಿಂಗ್ ಮಾತ್ರ ತುಂಡಾಗುವುದಿಲ್ಲ. ಚಕ್ರ, ಪಿನಿಯನ್, ರ್‍ಯಾಕ್ ನಡುವಿನ ಲೋಹದ ಕೊಂಡಿ ಹಾಗೇ ಇರುತ್ತದೆ. ಟೆಸ್ಲಾ ಕೂಡ ಹೇಳಿದ್ದು ಇದನ್ನೇ: ಕಷ್ಟವಾಗುವುದು ನಿಧಾನ ವೇಗದಲ್ಲಿ, ಪಾರ್ಕಿಂಗಿನಲ್ಲಿ, ಹೆಚ್ಚು ವೇಗದಲ್ಲಿ ಬೇಕಾಗುವ ಬಲವೇ ಕಡಿಮೆ. ವಿಶ್ವಸಂಸ್ಥೆಯ ನಿಯಮ 79ರ ಪ್ರಕಾರ, ಸಹಾಯ ಕೆಟ್ಟ ಪ್ರಯಾಣಿಕ ಕಾರನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ನೇರ ದಾರಿಯಿಂದ 20 ಮೀಟರ್ ತ್ರಿಜ್ಯದ ತಿರುವಿಗೆ 4 ಸೆಕೆಂಡಿನಲ್ಲಿ ತರಲು 300 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು. 300 ನ್ಯೂಟನ್ ಅಂದರೆ ಸುಮಾರು 30 ಕಿಲೋ ಮೂಟೆ ಎತ್ತುವಷ್ಟು. ನಿಯಮಕ್ಕೆ ಒಪ್ಪಿಗೆಯಾದದ್ದು ಎಲ್ಲರ ತೋಳಿಗೂ ಒಪ್ಪಿಗೆಯಾಗಬೇಕೆಂದಿಲ್ಲ, ಅದರಲ್ಲೂ ಜನ ತುಂಬಿದ ವೃತ್ತದಲ್ಲಿ ಹಠಾತ್ತನೆ ಎದುರಾದಾಗ.

ಓಡಿಸುವಾಗ ಹೀಗಾದರೆ ಎರಡೂ ಕೈಯಿಂದ ಹಿಡಿದು, ವೇಗ ಮೆಲ್ಲಗೆ ಇಳಿಸಿ, ಹಜಾರ್ಡ್ ದೀಪ ಹಾಕಿ ಎಡಕ್ಕೆ (ಬಲಗಡೆ ಓಡಿಸುವ ದೇಶವಾದರೆ ಬಲಕ್ಕೆ) ಬನ್ನಿ. ಓಡುತ್ತಿರುವಾಗ ಕೀ ತಿರುಗಿಸಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಬಿದ್ದೀತು. ನಿಂತಲ್ಲೇ ಚಕ್ರ ತಿರುಚಬೇಡಿ. ಟೈರು ನೆಲಕ್ಕೆ ಉಜ್ಜುವ ಪ್ರತಿರೋಧ ಅತಿ ಹೆಚ್ಚಿರುವುದು ಆಗಲೇ. ಕಾರು ತುಸು ಉರುಳುತ್ತಿರಲಿ, ಆಗ ತಿರುಗಿಸಿ.

ಪತ್ತೆ ಮಾಡುವ ಕ್ರಮ

ಸ್ಟೀರಿಂಗ್ ದೀಪ ಬಂದ ಕಾರೆಲ್ಲ ಬೋಲ್ಟಿನ ಕೇಸಲ್ಲ. ಮೊದಲು 12 ವೋಲ್ಟ್ ಬ್ಯಾಟರಿ ನೋಡಿ. ಸುಮ್ಮನಿದ್ದಾಗ 12.6ರ ಹತ್ತಿರ ಇರಬೇಕು. ಸ್ಟೀರಿಂಗ್ ಮೋಟಾರು ಕ್ಷಣಕಾಲ ಹತ್ತಾರು ಆಂಪಿಯರ್ ಎಳೆಯುವುದರಿಂದ ಬ್ಯಾಟರಿ ಬಡವಾದರೂ, ಅರ್ತ್ ತಂತಿ ಸಡಿಲಾದರೂ ಇದೇ ದೀಪ ಹೊತ್ತುತ್ತದೆ. ಸ್ಕ್ಯಾನರ್ ಹಾಕಿ ಕೋಡ್ ಬರೆದುಕೊಳ್ಳಿ, ಬರೆದುಕೊಳ್ಳುವ ಮುಂಚೆ ಅಳಿಸಬೇಡಿ. ಯು0131 ಬಂದರೆ ಸ್ಟೀರಿಂಗ್ ಮಾಡ್ಯೂಲ್ ಮಾತೇ ಆಡುತ್ತಿಲ್ಲ ಎಂದರ್ಥ. ಆಗ ತಂತಿ, ಫ್ಯೂಸು, ಕನೆಕ್ಟರಿನ ಕಡೆ ಹೋಗಿ.

ಅದೆಲ್ಲ ಸರಿಯಿದ್ದರೆ ಕಾರನ್ನು ಲಿಫ್ಟಿಗೇರಿಸಿ ಕೆಳಗಿನ ತಟ್ಟೆ ಬಿಚ್ಚಿ. ಇಗ್ನಿಷನ್ ಆಫ್ ಇರಲಿ. ಮೋಟಾರು ಮತ್ತು ಹೌಸಿಂಗ್ ಕೂಡುವ ಗೆರೆಯನ್ನು ಟಾರ್ಚು, ಕನ್ನಡಿ ಹಿಡಿದು ಸುತ್ತಲೂ ನೋಡಿ. ಬೋಲ್ಟಿನ ತಲೆಯ ಬುಡದಲ್ಲಿ ಬಿಳಿ ಪುಡಿ ಇದೆಯೇ, ತಲೆಯೇ ಹಾರಿಹೋಗಿದೆಯೇ, ತಟ್ಟೆಯಲ್ಲಿ ತಲೆ ಬಿದ್ದಿದೆಯೇ. 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಆ ಗೆರೆಯಲ್ಲಿ ನುಸುಳಿದರೆ ಬಿಗಿ ಹೋಗಿದೆ. ಕೈಯಲ್ಲಿ ಮೋಟಾರು ಅಲುಗಾಡಿದರೆ ಇನ್ನು ಅನುಮಾನವೇ ಬೇಡ. ಕಲಿಯುವವರು ಇಲ್ಲಿ ಮಾಡುವ ತಪ್ಪೆಂದರೆ ‘ಬಿಗಿ ಇದೆಯಾ ನೋಡೋಣ’ ಎಂದು ರೆಂಚ್ ಹಾಕಿ ಎಳೆಯುವುದು. ಅರ್ಧ ಬಿರುಕು ಬಿಟ್ಟ ಬೋಲ್ಟು ಅಷ್ಟಕ್ಕೇ ಕಿತ್ತು ಬರುತ್ತದೆ, ಮುಂಡ ಒಳಗೇ ಉಳಿಯುತ್ತದೆ.

ಬದಲಿಸುವ ಕೆಲಸ

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಎಲೆಕ್ಟ್ರಿಕ್ ಕಾರಾದರೆ ಕಂಪನಿಯ ಕೈಪಿಡಿಯ ಕ್ರಮದಲ್ಲೇ ವಿದ್ಯುತ್ ಕಡಿದು, ಅದು ಹೇಳಿದಷ್ಟು ಹೊತ್ತು ಕಾಯಿರಿ. ಸುತ್ತಲ ಉಪ್ಪನ್ನು ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನೈಲಾನ್ ಬ್ರಷ್ಷಿನಿಂದ ಉಜ್ಜಿ. ಉಕ್ಕಿನ ತಂತಿ ಬ್ರಷ್ ಬೇಡ. ಅದರ ಚೂರು ಅಲ್ಯೂಮಿನಿಯಮ್ಮಿಗೆ ಹೂತುಕೊಂಡು ಹೊಸ ಕೊರೆತಕ್ಕೆ ಬೀಜವಾಗುತ್ತದೆ. ಒಳಸೇರುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಸೀಲು, ಬೆಲ್ಟು, ಎಲೆಕ್ಟ್ರಾನಿಕ್ಸ್ ಪಕ್ಕದಲ್ಲೇ ಇರುವುದರಿಂದ ಗ್ಯಾಸ್ ಬೆಂಕಿ ಹಿಡಿಯುವ ಮಾತೇ ಇಲ್ಲ, ಇಂಪ್ಯಾಕ್ಟ್ ಗನ್ನೂ ಇಲ್ಲ. ಕೈ ರೆಂಚಿನಲ್ಲಿ ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಮತ್ತೆ ಬಿಚ್ಚಿ.

ಎಲ್ಲವನ್ನೂ ಒಟ್ಟಿಗೆ ತೆಗೆಯಬಾರದು. ಒಂದು ತೆಗೆದು, ಅದರ ಜಾಗಕ್ಕೆ ಹೊಸದು ಕೂರಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಕೆಲವು ಸ್ಟೀರಿಂಗ್ ಗೇರುಗಳಲ್ಲಿ ಮೋಟಾರು ಕೂತ ಜಾಗವೇ ಬೆಲ್ಟಿನ ಬಿಗಿಯನ್ನು ನಿರ್ಧರಿಸುತ್ತದೆ, ಅದು ಸರಿದರೆ ಮತ್ತೆ ಹೊಂದಿಸಲು ಕಂಪನಿಯ ಉಪಕರಣವೇ ಬೇಕು. ಬೋಲ್ಟು ಒಳಗೆ ಮುರಿದರೆ ಡ್ರಿಲ್ ಹಾಕುವ ಆಸೆಯನ್ನು ತಡೆಯಿರಿ. ಒಂದು ಲೋಹದ ಚೂರು ಬೆಲ್ಟಿನ ಗೂಡಿಗೋ ಬಾಲ್ ನಟ್ಟಿಗೋ ಬಿದ್ದರೆ ಸ್ಟೀರಿಂಗ್ ಸಿಕ್ಕಿಹಾಕಿಕೊಳ್ಳಬಹುದು, ಅದು ಸಹಾಯ ನಿಲ್ಲುವುದಕ್ಕಿಂತ ಸಾವಿರ ಪಾಲು ಕೆಟ್ಟದ್ದು. ಟೆಸ್ಲಾ ದುರಸ್ತಿಯಲ್ಲೂ ಬೋಲ್ಟು ಬದಲಿಸಿ, ಕೊರೆತ ತಡೆಯುವ ಸೀಲರ್ ಬಳಿದು, ಅಗತ್ಯವಿದ್ದರೆ ಸ್ಟೀರಿಂಗ್ ಗೇರನ್ನೇ ಬದಲಿಸುವ ಕ್ರಮವಿತ್ತು.

ಹೊಸ ಬೋಲ್ಟು ಆ ಗೇರಿಗೆ ಕಂಪನಿ ಕೊಟ್ಟದ್ದೇ ಆಗಿರಬೇಕು. ‘ತುಕ್ಕೇ ಹಿಡಿಯೋದಿಲ್ಲ’ ಎಂದು ಹಾರ್ಡ್‌ವೇರ್ ಅಂಗಡಿಯ ಸ್ಟೇನ್‌ಲೆಸ್ ಬೋಲ್ಟು ಹಾಕುವುದು ನಮ್ಮ ಗ್ಯಾರೇಜುಗಳ ಜನಪ್ರಿಯ ತಪ್ಪು. ಬೋಲ್ಟಿಗೆ ಏನೂ ಆಗದು ನಿಜ, ಆದರೆ ಒದ್ದೆಯಲ್ಲಿ ಅದು ಸುತ್ತಲ ಅಲ್ಯೂಮಿನಿಯಂ ಹೌಸಿಂಗನ್ನೇ ತಿನ್ನುತ್ತದೆ. ಸಾಮಾನ್ಯ ಎ2-70 ಸ್ಟೇನ್‌ಲೆಸ್ಸಿನ ಯೀಲ್ಡ್ (ಮತ್ತೆ ಕುಗ್ಗದಂತೆ ಹಿಗ್ಗತೊಡಗುವ ಒತ್ತಡ) 450 ಮೆಗಾಪಾಸ್ಕಲ್ ಮಾತ್ರ, 10.9 ದರ್ಜೆಯದು 900ಕ್ಕೂ ಹೆಚ್ಚು.

ಟಾರ್ಕಿನ (ಬೋಲ್ಟನ್ನು ತಿರುಗಿಸಿ ಬಿಗಿಯುವ ತಿರುಚುಬಲದ) ವಿಷಯದಲ್ಲಿ ಒಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಎಂ8 (8 ಮಿ.ಮೀ. ವ್ಯಾಸದ), 10.9 ದರ್ಜೆಯ ಉಕ್ಕಿನ ಬೋಲ್ಟಿನ ಎಳೆತದ ಅಡ್ಡಕೊಯ್ತ 36.6 ಚದರ ಮಿ.ಮೀ., ಪ್ರೂಫ್ ಒತ್ತಡ (ಶಾಶ್ವತವಾಗಿ ಹಿಗ್ಗದೆ ತಾಳುವ ಮಿತಿ) 830 ಮೆಗಾಪಾಸ್ಕಲ್. ಗುಣಿಸಿದರೆ 30.4 ಕಿಲೋನ್ಯೂಟನ್. ಅದರ ಮುಕ್ಕಾಲು ಪಾಲು, 22.8 ಕಿಲೋನ್ಯೂಟನ್, ನಮಗೆ ಬೇಕಾದ ಬಿಗಿ. ಒಣ ಥ್ರೆಡ್ಡಿನ ಉಜ್ಜುವಿಕೆ ಲೆಕ್ಕಕ್ಕೆ ತರುವ ಗುಣಾಂಕ 0.2 ಎಂದು ಹಿಡಿದರೆ ಟಾರ್ಕ್ (ಗುಣಾಂಕ × ಮೀಟರಿನಲ್ಲಿ ವ್ಯಾಸ × ನ್ಯೂಟನ್ನಿನಲ್ಲಿ ಬಿಗಿ) 0.2 × 0.008 × 22,800, ಅಂದರೆ ಸುಮಾರು 36.5 ನ್ಯೂಟನ್ ಮೀಟರ್. ಅದೇ ಥ್ರೆಡ್ಡಿಗೆ ಎಣ್ಣೆಯೋ ಗ್ರೀಸೋ ಹಚ್ಚಿದರೆ ಗುಣಾಂಕ 0.15ಕ್ಕೆ ಇಳಿಯುತ್ತದೆ. ರೆಂಚ್ ತೋರಿಸುವುದು ಅದೇ 36.5, ಬೋಲ್ಟಿನಲ್ಲಿ ಮಾತ್ರ 30.4 ಕಿಲೋನ್ಯೂಟನ್. ಸರಿಯಾಗಿ ಪ್ರೂಫ್ ಮಿತಿಗೇ ಬಂದು ನಿಂತಿತು! ಹಾಗಾಗಿ ಕೈಪಿಡಿ ಒಣಗಿರಲಿ ಎಂದಿದ್ದರೆ ಒಣಗಿಯೇ ಇರಲಿ. ತುಕ್ಕು ತಡೆಯುವ ಮೇಣ ಅಥವಾ ಸೀಲರನ್ನು ಬಿಗಿದು ಮುಗಿದ ಮೇಲೆ ತಲೆಯ ಮೇಲೂ ಸಂದಿನ ಸುತ್ತಲೂ ಬಳಿಯಿರಿ. ಇದು ವಿಧಾನ ತೋರಿಸುವ ಲೆಕ್ಕ ಅಷ್ಟೇ; ನಿಮ್ಮ ಕಾರಿನ ಅಂಕಿ ಅದರ ಕೈಪಿಡಿಯಲ್ಲಿದೆ, ಅಲ್ಯೂಮಿನಿಯಂ ಬೋಲ್ಟಿಗೆ ಅದು ಬಹಳ ಕಡಿಮೆ ಇರುತ್ತದೆ. ಟಾರ್ಕ್ ಆದಮೇಲೆ ಇಷ್ಟು ಡಿಗ್ರಿ ತಿರುಗಿಸಿ ಎಂದು ಹೇಳಿದ ಬೋಲ್ಟುಗಳನ್ನು ಎರಡನೇ ಸಲ ಬಳಸುವಂತಿಲ್ಲ.

ಮುಗಿದ ಮೇಲೆ ಕೋಡ್ ಅಳಿಸಿ, ಕೈಪಿಡಿ ಕೇಳಿದರೆ ಸ್ಟೀರಿಂಗ್ ಕೋನದ ಸೆನ್ಸರನ್ನು ಸೊನ್ನೆಗೆ ಹೊಂದಿಸಿ, ಎರಡೂ ತುದಿಗೆ ತಿರುಗಿಸಿ ಸದ್ದು ಕೇಳಿ. ರ್‍ಯಾಕ್ ಇಳಿಸಿದ್ದರೆ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ನಮ್ಮ ಕಡೆ

ಕರ್ನಾಟಕದ ರಸ್ತೆಗೆ ಯಾರೂ ಉಪ್ಪು ಚೆಲ್ಲುವುದಿಲ್ಲ. ಆದರೆ ಕಾರವಾರದಿಂದ ಉಳ್ಳಾಲದವರೆಗೆ ಕಡಲ ಗಾಳಿಯಲ್ಲೇ ಮೆಗ್ನೀಸಿಯಂ ಲವಣವಿದೆ, ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರೂ ಇದೆ. ಕಾಲಮ್ ಮೋಟಾರಿನ ಕಾರಾದರೆ ಮೋಟಾರಿನ ಚಿಂತೆ ಬೇಡ. ರ್‍ಯಾಕನ್ನು ಸಬ್‌ಫ್ರೇಮಿಗೆ ಹಿಡಿದ ಬೋಲ್ಟು, ಟೈ ರಾಡಿನ ಲಾಕ್ ನಟ್ಟು ನೋಡಿ. ತೊಳೆಸುವಾಗ ಕಾರಿನ ಅಡಿಗೆ ಸಾದಾ ನೀರು ಧಾರಾಳವಾಗಿ ಹೊಡೆಸಿ, ಹೈ ಪ್ರೆಶರ್ ನಳಿಗೆಯನ್ನು ಮಾತ್ರ ಮೋಟಾರಿನ ಕನೆಕ್ಟರಿಗೆ ನೇರ ಹಿಡಿಯಬೇಡಿ.

ಮಿಶಿಗನ್ನಿನಲ್ಲೋ ಟೊರಾಂಟೋದಲ್ಲೋ ಹಳೆಯ ಕಾರು ಕೊಳ್ಳುವ ಕನ್ನಡಿಗರು 17 ಅಕ್ಷರ-ಅಂಕಿಗಳ ವಾಹನ ಗುರುತು ಸಂಖ್ಯೆ ಹಾಕಿ ಬಾಕಿ ರೀಕಾಲ್ ಇದೆಯೇ ಎಂದು ಮೊದಲು ನೋಡಬೇಕು. ಅಮೆರಿಕದಲ್ಲಿ ಕಾರು ಮೊದಲ ಸಲ ಮಾರಾಟವಾಗಿ 15 ವರ್ಷದೊಳಗೆ ರೀಕಾಲ್ ಬಂದಿದ್ದರೆ ದುರಸ್ತಿ ಪುಕ್ಕಟೆ, ಈಗಿನ ಮಾಲೀಕ ಎಷ್ಟನೆಯವನಾದರೂ ಸರಿ.