ಪಬ್ಬಿನ ಲ್ಯಾಂಡ್‌ಲಾರ್ಡ್ ಜಮೀನ್ದಾರ ಅಲ್ಲ

"ಹಳ್ಳಿಯ ಜಮೀನ್ದಾರ ನಗುನಗುತ್ತಾ ನಮಗೆ ಬಿಯರ್ ಸುರಿದು ಕೊಟ್ಟ." ಮೊನ್ನೆ ಒಂದು ಅನುವಾದದಲ್ಲಿ ಈ ಸಾಲು ಓದಿದೆ. ಪಾಪ, ಜಮೀನ್ದಾರ! ಎಕರೆಗಟ್ಟಲೆ ಹೊಲ ಬಿಟ್ಟು ಬಂದು ಲೋಟ ತುಂಬಿಸುತ್ತಿದ್ದಾನೆ. ಹೋದ ತಿಂಗಳು ಇನ್ನೊಂದು ಕಡೆ ಇದೇ ಮನುಷ್ಯ 'ಮನೆ ಮಾಲೀಕ' ಆಗಿದ್ದ. ಅದಕ್ಕೂ ಮುಂಚೆ ಒಂದು ಸಬ್‌ಟೈಟಲಿನಲ್ಲಿ 'ಭೂಮಾಲೀಕ'. ಎಷ್ಟು ಅಂತ ಸುಮ್ನಿರೋದು?

ಇಂಗ್ಲೆಂಡಿನ ಹಳ್ಳಿ ಪಬ್ಬಿನಲ್ಲಿ ಲ್ಯಾಂಡ್‌ಲಾರ್ಡ್ ಅಂದರೆ ಪಬ್ ನಡೆಸುವವನು. ಬಿಯರ್ ಕೊಡುವವನು, ದುಡ್ಡು ಎಣಿಸುವವನು, ಜಾಸ್ತಿ ಕುಡಿದವನನ್ನು ಮನೆಗೆ ಕಳಿಸುವವನು. ಹೆಚ್ಚಾಗಿ ಮಹಡಿ ಮೇಲೆಯೇ ಅವನ ಸಂಸಾರ. ಹೆಂಗಸಾದರೆ ಲ್ಯಾಂಡ್‌ಲೇಡಿ. ಕಟ್ಟಡ ಅವರದೇ ಆಗಿರಬೇಕು ಅಂತೇನೂ ಇಲ್ಲ. ಬಹಳ ಸಲ ಈ ಲ್ಯಾಂಡ್‌ಲಾರ್ಡೇ ಬಾಡಿಗೆದಾರ. ತಮಾಷೆ ಇರುವುದೇ ಇಲ್ಲಿ. 'ಮಾಲೀಕ' ಅಂತ ಬರೆದ ಕೂಡಲೇ ಅದು ಕೊಚ್ಚಿಹೋಗುತ್ತದೆ.

ಪದದ ಹುಟ್ಟು ನೋಡಿದರೆ ಇನ್ನೂ ಚೆನ್ನಾಗಿದೆ. 'ಲಾರ್ಡ್' ಅನ್ನುವುದು ಹಳೇ ಇಂಗ್ಲಿಷಿನಲ್ಲಿ 'ಹ್ಲಾಫೋರ್ಡ್' ಆಗಿತ್ತು. ಅದಕ್ಕೂ ಹಿಂದಿನ ರೂಪವನ್ನು ಬಿಡಿಸಿದರೆ ಸಿಗುವ ಅರ್ಥ 'ರೊಟ್ಟಿ ಕಾಯುವವನು'. ಅದರೊಳಗಿನ 'ಹ್ಲಾಫ್' ಅನ್ನುವುದೇ ಇವತ್ತಿನ ಬ್ರೆಡ್ ಲೋಫ್. 'ಲೇಡಿ' ಬಂದದ್ದು 'ಹ್ಲಾಫ್‌ಡಿಗೆ' ಇಂದ, ಅಂದರೆ ರೊಟ್ಟಿಯ ಹಿಟ್ಟು ನಾದುವವಳು. ಲಾರ್ಡ್ ಅಂದ ತಕ್ಷಣ ನಮಗೆ ಕಿರೀಟ, ಕೋಟೆ ನೆನಪಾಗುತ್ತವೆ. ಪದದ ಹೊಟ್ಟೆಯಲ್ಲಿ ಇರುವುದು ಅಡುಗೆಮನೆ. ನಮ್ಮ 'ಅನ್ನದಾತ' ಇದಕ್ಕೆ ಎಷ್ಟು ಹತ್ತಿರ ಅಲ್ವಾ?

ಇದಕ್ಕೆ 'ಲ್ಯಾಂಡ್' ಸೇರಿದಾಗ ಮೊದಲು ಜಮೀನಿನ ಒಡೆಯ ಎಂಬ ಅರ್ಥವೇ ಇತ್ತು, ಅದನ್ನು ನಾನೂ ಒಪ್ಪುತ್ತೇನೆ. ಆಮೇಲೆ ಬಾಡಿಗೆಗೆ ಜಾಗ ಕೊಡುವವನು ಎಂದಾಯಿತು. ದಾರಿಹೋಕರು ರಾತ್ರಿ ಉಳಿಯುತ್ತಿದ್ದ ಇನ್‌ಗಳಲ್ಲಿ ಕೋಣೆ ಕೊಡುವವನು ಆ ಒಂದು ರಾತ್ರಿಯ ಮಟ್ಟಿಗೆ ಅತಿಥಿಯ ಲ್ಯಾಂಡ್‌ಲಾರ್ಡೇ ತಾನೆ? ಇನ್‌ನಿಂದ ಆ ಹೆಸರು ಪಬ್ಬಿಗೂ ಬಂತು. ಕೋಣೆ ಬಾಡಿಗೆ ಹೋಯಿತು, ಹೆಸರು ಉಳಿಯಿತು.

ಇನ್ನೊಂದು ಪದ 'ಪಬ್ಲಿಕನ್'. ಇವತ್ತು ಅದೂ ಪಬ್ ನಡೆಸುವವನೇ. ಆದರೆ ಲ್ಯಾಟಿನ್‌ನ 'ಪುಬ್ಲಿಕಾನುಸ್' ಅಂದರೆ ರೋಮ್ ಸರ್ಕಾರಕ್ಕೆ ತೆರಿಗೆ ಎತ್ತುವ ಗುತ್ತಿಗೆದಾರ. ಕನ್ನಡ ಬೈಬಲಿನ 'ಸುಂಕದವರು' ಇವರೇ. ಇಂಗ್ಲಿಷ್ ಬೈಬಲಿನಲ್ಲಿ 'ಪಬ್ಲಿಕನ್' ನೋಡಿ ಯೇಸು ಹೆಂಡದಂಗಡಿಯವನ ಜೊತೆ ಊಟಕ್ಕೆ ಕೂತ ಅಂದುಕೊಂಡವರನ್ನು ನಾನು ಕಂಡಿದ್ದೇನೆ. ಜಮೀನ್ದಾರನೂ ಮೊಗಲರ ಕಾಲದಲ್ಲಿ ಕಂದಾಯ ಎತ್ತಿ ಕೊಡುತ್ತಿದ್ದವನೇ. 'ಜಮೀನ್ದಾರ' ಅಂತ ಬರೆದವರು ಇಷ್ಟೆಲ್ಲ ಯೋಚಿಸಿ ಬರೆದಿದ್ದರೆ ನಾನು ಕೈಮುಗಿಯುತ್ತಿದ್ದೆ. ಇಲ್ಲ, ಡಿಕ್ಷನರಿಯಲ್ಲಿ ಮೊದಲು ಕಂಡದ್ದನ್ನು ಎತ್ತಿ ಹಾಕಿದ್ದಾರೆ.

ಮಾಲೀಕನಲ್ಲದವನಿಗೆ ಊರಲ್ಲಿ ಇಷ್ಟು ತೂಕ ಎಲ್ಲಿಂದ ಬಂತು? ಲೈಸೆನ್ಸಿನಿಂದ. 1552ರ ಕಾನೂನಿನ ಪ್ರಕಾರ ಏಲ್ (ಒಂದು ಬಗೆಯ ಬಿಯರ್) ಮಾರಬೇಕಾದರೆ ಇಬ್ಬರು ಜಸ್ಟಿಸ್‌ಗಳ, ಅಂದರೆ ಊರ ಕಡೆಯ ಮ್ಯಾಜಿಸ್ಟ್ರೇಟರ, ಅನುಮತಿ ಬೇಕಿತ್ತು. ಗಲಾಟೆ ಆಗಲು ಬಿಡುವುದಿಲ್ಲ, ಕಾನೂನು ಒಪ್ಪದ ಆಟ ಆಡಿಸುವುದಿಲ್ಲ ಅಂತ ಮುಚ್ಚಳಿಕೆಯನ್ನೂ ಬರೆದುಕೊಡಬೇಕಿತ್ತು. ಆ ಮುಚ್ಚಳಿಕೆ ಬರೆದುಕೊಡುತ್ತಿದ್ದವನು ಪಬ್ ನಡೆಸುವವನು. ಕಟ್ಟಡದ ಒಡೆಯ ಯಾರು ಅನ್ನುವುದು ಬೇರೆಯೇ ಲೆಕ್ಕ. ಬಾಗಿಲ ಮೇಲೆ ಹೆಸರು ಬರೆಸಿಕೊಳ್ಳುತ್ತಿದ್ದವನೂ ಲೈಸೆನ್ಸ್ ಇದ್ದವನೇ.

ಹಳ್ಳಿ ಪಬ್ಬಿನ ಗೋಡೆಯಲ್ಲಿ ಲ್ಯಾಂಡ್‌ಲಾರ್ಡ್‌ಗಳ ಹೆಸರಿನ ಪಟ್ಟಿ ತೂಗು ಹಾಕಿದ್ದರೆ ಅದನ್ನು ಆಸ್ತಿ ಕೈಬದಲಾದ ಕತೆ ಅಂತ ಓದಬೇಡಿ. ಇಂಥ ಪಟ್ಟಿ ಮಾಡುವವರು ಹುಡುಕುವುದು ಲೈಸೆನ್ಸ್ ದಾಖಲೆಗಳನ್ನು. 1753ರಿಂದ 1828ರವರೆಗೆ ಈ ಮುಚ್ಚಳಿಕೆಗಳ ರಿಜಿಸ್ಟರ್ ಇಡಬೇಕೆಂಬ ನಿಯಮವಿತ್ತು. ಆಸ್ತಿ ಒಬ್ಬ ಜಹಗೀರುದಾರನದೇ ಆಗಿ ತಲೆಮಾರುಗಟ್ಟಲೆ ಉಳಿದು, ಪಟ್ಟಿಯಲ್ಲಿ ಹತ್ತು ಹೆಸರು ಬದಲಾಗಿರಬಹುದು. ಗಂಡನ ನಂತರ ವಿಧವೆಯ ಹೆಸರು ಬರುವುದೂ ಉಂಟು. ಅದರಲ್ಲಿ ಆಶ್ಚರ್ಯವೇನಿಲ್ಲ. ಏಲ್ ಕುದಿಸುವುದು ಮೊದಲು ಹೆಂಗಸರ ಮನೆಗೆಲಸವೇ ಆಗಿತ್ತು. ವರ್ಷಕ್ಕೊಮ್ಮೆ ಲೈಸೆನ್ಸ್ ಕೊಡುತ್ತಿದ್ದ ಕೋರ್ಟಿನ ಕಲಾಪಕ್ಕೆ 'ಬ್ರೂಸ್ಟರ್ ಸೆಷನ್ಸ್' ಅಂತ ಹೆಸರು. ಬ್ರೂಸ್ಟರ್ ಅಂದರೆ ಮೊದಲಿಗೆ ಬಿಯರ್ ತಯಾರಿಸುವ ಹೆಂಗಸು. ಲ್ಯಾಂಡ್‌ಲೇಡಿಯನ್ನು 'ಯಜಮಾನನ ಹೆಂಡತಿ' ಅಂತ ಅನುವಾದಿಸುವವರು ದಯವಿಟ್ಟು ಗಮನಿಸಿ.

1830ರಲ್ಲಿ ಇನ್ನೊಂದು ಕಾನೂನು ಬಂತು. ತೆರಿಗೆ ಕಟ್ಟುವ ಮನೆಯವರು ಎರಡು ಗಿನಿ ಕೊಟ್ಟರೆ ಸಾಕು, ಮನೆಯಲ್ಲೇ ಬಿಯರ್ ಮಾರಬಹುದು. ಜಸ್ಟಿಸ್‌ಗಳ ಮುಂದೆ ನಿಲ್ಲಬೇಕಾಗಿಲ್ಲ. ಕಮ್ಮಾರ, ಬಡಗಿ ಎಲ್ಲರೂ ಮುಂದಿನ ಕೋಣೆಯಲ್ಲಿ ಪೀಪಾಯಿ ಇಟ್ಟರು. ಹಗಲು ಕುಲುಮೆ, ಸಂಜೆ ಬಿಯರ್. 1869ರಲ್ಲಿ ಮತ್ತೆ ಬಿಗಿ ಮಾಡಿದರು.

19ನೇ ಶತಮಾನದ ಕೊನೆಗೆ ಬಿಯರ್ ತಯಾರಿಸುವ ಬ್ರೂವರಿಗಳು ಪಬ್ಬುಗಳನ್ನು ಸಾಲುಸಾಲಾಗಿ ಕೊಂಡವು. 'ಟೈಡ್ ಹೌಸ್' ಅನ್ನುವ ಮಾತು ಇದಕ್ಕೇ. ಕಟ್ಟಡ ಬ್ರೂವರಿಯದು, ಲ್ಯಾಂಡ್‌ಲಾರ್ಡ್ ಬಾಡಿಗೆಗೆ ಇರುವವನು, ಬಿಯರನ್ನು ಆ ಬ್ರೂವರಿಯಿಂದಲೇ ಕೊಳ್ಳಬೇಕು. ಕಟ್ಟಡದ ಬಾಡಿಗೆಗೆ ಆ ವ್ಯಾಪಾರದಲ್ಲಿ 'ಒಣ ಬಾಡಿಗೆ' ಅನ್ನುತ್ತಾರೆ. ಬಿಯರಿನ ಬೆಲೆಯಲ್ಲಿ ಸೇರಿಸಿ ಕೀಳುವುದು 'ಒದ್ದೆ ಬಾಡಿಗೆ'. 1989ರಲ್ಲಿ, 2000ಕ್ಕಿಂತ ಹೆಚ್ಚು ಪಬ್ ಇದ್ದ ಬ್ರೂವರಿಗಳಿಗೆ ಸರ್ಕಾರ ಕಡಿವಾಣ ಹಾಕಿತು. ಅವು ಪಬ್ಬುಗಳನ್ನು ಮಾರಿದವು. ಕೊಂಡದ್ದು ಯಾರು? ಬಿಯರನ್ನೇ ತಯಾರಿಸದ ದೊಡ್ಡ ದೊಡ್ಡ ಕಂಪನಿಗಳು. ಬಾಡಿಗೆದಾರರ ಗೊಣಗಾಟ ಮಾತ್ರ ಅದೇ. ಕೊನೆಗೆ ಬಾಡಿಗೆದಾರರ ರಕ್ಷಣೆಗೆ 2015ರಲ್ಲಿ ಕಾನೂನು, 2016ರಲ್ಲಿ ಪಬ್ಸ್ ಕೋಡ್ ಬಂದವು. 500 ಅಥವಾ ಅದಕ್ಕಿಂತ ಹೆಚ್ಚು ಟೈಡ್ ಪಬ್ಬುಗಳ 'ಲ್ಯಾಂಡ್‌ಲಾರ್ಡ್' ಆದ ಕಂಪನಿಗೆ ಅದು ಅನ್ವಯ. ಕಾನೂನಿನ ಪುಸ್ತಕದಲ್ಲಿ ಲ್ಯಾಂಡ್‌ಲಾರ್ಡ್ ಅಂದರೆ ಕಂಪನಿ, ಊರಿನವರ ಬಾಯಲ್ಲಿ ಲ್ಯಾಂಡ್‌ಲಾರ್ಡ್ ಅಂದರೆ ಆ ಕಂಪನಿಗೆ ಬಾಡಿಗೆ ಕಟ್ಟುವವನು!

ಹಾಗೆಯೇ, ಬೋರ್ಡಿನಲ್ಲಿ 'ಫ್ರೀ ಹೌಸ್' ಅಂತ ಕಂಡರೆ ಪುಕ್ಕಟೆ ಅಲ್ಲ ಸ್ವಾಮಿ. ಯಾವ ಬ್ರೂವರಿಯ ಹಂಗೂ ಇಲ್ಲ ಅಂತ ಅಷ್ಟೇ. ಬಿಲ್ ಬಂದೇ ಬರುತ್ತದೆ.

ಕನ್ನಡದಲ್ಲಿ ಏನನ್ನಬೇಕು? ನನ್ನ ಓಟು 'ಯಜಮಾನ'ನಿಗೆ. ಯಜಮಾನ ಮೂಲದಲ್ಲಿ ಯಜ್ಞ ಮಾಡಿಸುವವನು. ಆಮೇಲೆ ಮನೆಯ ಹಿರಿಯ. ಪತ್ರ ಯಾರ ಹೆಸರಿನಲ್ಲಿದೆ ಅಂತ ಯಾರೂ ಕೇಳುವುದಿಲ್ಲ, ಮನೆ ಯಾರ ಮಾತಿನಲ್ಲಿ ನಡೆಯುತ್ತದೆ ಅನ್ನುವುದು ಮುಖ್ಯ. ಗಲ್ಲಾದಲ್ಲಿ ಕೂತವರನ್ನು ನಾವು 'ಸಾಹುಕಾರ್ರೇ' ಅಂತ ಕರೆಯುವಾಗ ಕಟ್ಟಡ ಅವರದೋ ಲೀಸಿಗೋ ಅಂತ ವಿಚಾರಿಸುತ್ತೇವಾ? ಲ್ಯಾಂಡ್‌ಲೇಡಿಗೆ 'ಯಜಮಾನಿ', ಮುಗೀತು. ಕರಾವಳಿಯ 'ಗಡಂಗು' ಒಳ್ಳೆಯ ಪದ, ಆದರೆ ಅದು ಅಂಗಡಿ. ಹಳ್ಳಿ ಪಬ್ ಅರ್ಧ ಅಂಗಡಿ, ಅರ್ಧ ಮನೆ. 'ಪಬ್ಲಿಕ್ ಹೌಸ್' ಎಂಬ ಅದರ ಪೂರ್ತಿ ಹೆಸರಲ್ಲೇ ಮನೆ ಇದೆ. ಯಾವುದೂ ಬೇಡ ಅಂದರೆ 'ಲ್ಯಾಂಡ್‌ಲಾರ್ಡ್' ಅಂತಲೇ ಬಿಡಿ, ಆಕಾಶ ಬೀಳಲ್ಲ.

ಪಬ್ ನಡೆಸುವವನೇ ಕಟ್ಟಡದ ಒಡೆಯನೂ ಆಗಿರುವುದು ಇಲ್ಲವೇ ಇಲ್ಲ ಅಂತಲ್ಲ. ಬರ್ಕ್‌ಶೈರ್‌ನ ಆಲ್ಡ್‌ವರ್ತ್ ಹಳ್ಳಿಯ ಬೆಲ್ ಇನ್ ಒಂದು ಫ್ರೀ ಹೌಸ್. 250 ವರ್ಷಕ್ಕೂ ಹೆಚ್ಚು ಕಾಲದಿಂದ ಒಂದೇ ಕುಟುಂಬದ ಕೈಯಲ್ಲಿದೆ. ಅಲ್ಲಿ 'ಮಾಲೀಕ' ಅಂದರೂ ನಡೆದೀತು. ಆದರೆ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಗೆ ಹೋಗಿ ನೋಡಿ. ಅಲ್ಲಿಯ ಓಲ್ಡ್ ಕ್ರೌನ್ ಪಬ್ಬನ್ನು 2003ರಲ್ಲಿ ಊರಿನವರೇ ಸಹಕಾರ ಸಂಘ ಮಾಡಿಕೊಂಡು ಕೊಂಡರು. ನೂರಕ್ಕೂ ಹೆಚ್ಚು ಜನರ ಪಾಲು ಅದರಲ್ಲಿದೆ. ಬಾಡಿಗೆ ಕೊಟ್ಟು ಪಬ್ ನಡೆಸುವವನು ಕೌಂಟರಿನ ಹಿಂದೆ, ಬಾಡಿಗೆ ಪಡೆಯುವ ಒಡೆಯರು ಲೋಟ ಹಿಡಿದು ಕೌಂಟರಿನ ಮುಂದೆ. ಅಲ್ಲಿಯೂ ಲ್ಯಾಂಡ್‌ಲಾರ್ಡ್ ಅನ್ನಿಸಿಕೊಳ್ಳುವವನು ಹಿಂದೆ ನಿಂತವನೇ.