ಒಲೆ ಆರಿಸಿದ ಮೇಲೆ: ಹೋಟೆಲ್ ಅಡುಗೆಮನೆಯಲ್ಲಿ ಯಾರೂ ಅಳೆಯದ ಹೊತ್ತು

ಮಸಾಲೆ ದೋಸೆಯೊಳಗಿನ ಆಲೂಗಡ್ಡೆ ಪಲ್ಯ ಎಷ್ಟು ಹೊತ್ತಿಗೆ ಬೆಂದದ್ದು ಎಂದು ಗಿರಾಕಿ ಕೇಳುವುದಿಲ್ಲ. ಹಾಸನವಿರಲಿ, ಚಿಕ್ಕಮಗಳೂರಿರಲಿ, ಬೆಳಗಿನ ಹೊತ್ತು ಕಾವಲಿಯ ಪಕ್ಕದ ಸ್ಟೀಲ್ ಬೇಸನ್ನನ್ನು ಸ್ವಲ್ಪ ಗಮನಿಸಿ. ಐದೂವರೆಗೆ ಇಳಿಸಿದ ಪಲ್ಯ ಹನ್ನೊಂದಾದರೂ ಅಲ್ಲೇ ಇರುತ್ತದೆ. ಕಾವಲಿಯ ಝಳಕ್ಕೆ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ಉಗುರುಬೆಚ್ಚಗೆ. ಮೇಲ್ಪದರ ಒಣಗಿದರೆ ದೋಸೆ ಹಾಕುವವರು ಒಂದಿಷ್ಟು ನೀರು ಚಿಮುಕಿಸಿ ಸೌಟಿನಿಂದ ತಿರುವುತ್ತಾರೆ. ನೋಡಲು ಹೊಸದರಂತೆಯೇ ಕಾಣುತ್ತದೆ, ರುಚಿಯೂ ಕೆಟ್ಟಿರುವುದಿಲ್ಲ.

ಊಟದಿಂದ ಕಾಯಿಲೆ ಬಂತು ಎಂದಾಗ ನಾವು ಹುಡುಕುವುದು ಕೊಳಕು ಪಾತ್ರೆ, ಹಳಸಿದ ವಾಸನೆ, ಬಿದ್ದ ಹಲ್ಲಿ. ಅವನ್ನು ಹುಡುಕುವುದು ತಪ್ಪಲ್ಲ. ಆದರೆ ದೊಡ್ಡ ಅಡುಗೆಮನೆಗಳಲ್ಲಿ ಜನರನ್ನು ಹಾಸಿಗೆ ಹಿಡಿಸುವ ಕಾರಣ ಹಲವು ಸಲ ಕಣ್ಣಿಗೂ ಮೂಗಿಗೂ ಸಿಗುವುದಿಲ್ಲ. ಚೆನ್ನಾಗಿಯೇ ಬೆಂದ ಅಡುಗೆ, ಬೆಂದ ಮೇಲೆ 5 ಡಿಗ್ರಿಗೂ 60 ಡಿಗ್ರಿಗೂ ನಡುವೆ ಗಂಟೆಗಟ್ಟಲೆ ಕೂತಿರುತ್ತದೆ. ಎಲ್ಲ ಸೆಲ್ಸಿಯಸ್ ಲೆಕ್ಕ. 60ರ ಮೇಲೆ ರೋಗಾಣು ಬೆಳೆಯುವುದಿಲ್ಲ, 5ರ ಕೆಳಗೆ ಬಹುಪಾಲು ಸುಮ್ಮನಿರುತ್ತವೆ. ನಡುವಿನ ಬಿಸಿಯಲ್ಲಿ ಅವುಗಳದೇ ರಾಜ್ಯ.

ಕುದಿಸಿದ ಮೇಲೂ ಅವು ಎಲ್ಲಿಂದ ಬರುತ್ತವೆ? ಎರಡನೇ ಮಹಾಯುದ್ಧ ಮುಗಿದ ಆಸುಪಾಸಿನ ವರ್ಷಗಳಲ್ಲಿ ಇದಕ್ಕೆ ಉತ್ತರ ಸಿಕ್ಕಿತು. 1940ರ ದಶಕದ ಕೊನೆಯಲ್ಲಿ ನಾರ್ವೆಯ ಓಸ್ಲೋದಲ್ಲಿ ಮೆಕ್ಕೆಜೋಳದ ಹಿಟ್ಟು ಹಾಕಿ ಮಾಡಿದ ವೆನಿಲಾ ಸಾಸ್ ತಿಂದವರು ಸಾಲುಸಾಲಾಗಿ ಹೊಟ್ಟೆನೋವಿನಿಂದ ಮಲಗಿದರು. ಸಾಸನ್ನು ಹಿಂದಿನ ದಿನ ಮಾಡಿ ಹೊರಗೇ ಇಟ್ಟಿದ್ದರು. ತನಿಖೆ ಮಾಡಿದ ಹೌಗೆ ಎಂಬ ವಿಜ್ಞಾನಿ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಕಂಡರು. ಅದೇ ತಪ್ಪಿತಸ್ಥ ಎಂದು ಸಾಬೀತು ಮಾಡಲು, ಅದನ್ನು ಬೆಳೆಸಿದ ಸಾಸನ್ನು ತಾವೇ ಕುಡಿದು ಕಾಯಿಲೆ ಬಿದ್ದರು. 1953ರಲ್ಲಿ ಇಂಗ್ಲೆಂಡಿನ ಬೆಟ್ಟಿ ಹಾಬ್ಸ್ ಮತ್ತು ಸಂಗಡಿಗರು ಇಂಥದೇ ಇನ್ನೊಂದನ್ನು ಹಿಡಿದರು. ಇಂದು ಅದಕ್ಕೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಹೆಸರು. ಬೇಯಿಸಿ, ನಿಧಾನವಾಗಿ ಆರಲು ಬಿಟ್ಟು, ಮರುದಿನ ಬಿಸಿ ಮಾಡಿದ ಮಾಂಸ ಅದರ ತವರು. 1970ರ ದಶಕದ ಮೊದಲಿಗೆ ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರಿಗೆ ವಾಂತಿ ಶುರುವಾದಾಗ ಸಿಕ್ಕಿಬಿದ್ದದ್ದು ಮತ್ತೆ ಬ್ಯಾಸಿಲಸ್ ಸೀರಿಯಸ್. ರಾತ್ರಿ ಬೇಯಿಸಿದ ಅನ್ನವನ್ನು ಹೊರಗೆ ಹರಡಿಟ್ಟು, ಮರುದಿನ ಬಾಣಲೆಯಲ್ಲಿ ಹುರಿದು ಕೊಡುತ್ತಿದ್ದರು.

ಈ ಎರಡೂ ಬ್ಯಾಕ್ಟೀರಿಯಾಗಳು ಬೀಜಕ, ಅಂದರೆ ಗಟ್ಟಿ ಕವಚದೊಳಗೆ ನಿದ್ದೆಹೋದ ರೂಪ, ಕಟ್ಟಿಕೊಳ್ಳುತ್ತವೆ. ಮಣ್ಣಿನಿಂದ ಅಕ್ಕಿಗೆ, ಆಲೂಗಡ್ಡೆಗೆ, ಮಸಾಲೆಪುಡಿಗೆ ಅಂಟಿ ಬಂದ ಬೀಜಕ ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅಡುಗೆ ಆರುತ್ತಿದ್ದಂತೆ ಮೊಳೆಯುತ್ತದೆ. ಪರ್ಫ್ರಿಂಜೆನ್ಸ್ 45 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಹನ್ನೆರಡು ನಿಮಿಷವೆಂದೇ ಹಿಡಿದರೂ, ಒಂದು ಗ್ರಾಂ ಸಾರಿನಲ್ಲಿ ನೂರು ಇದ್ದದ್ದು ಮೂರು ಗಂಟೆಯಲ್ಲಿ 32 ಲಕ್ಷ ದಾಟುತ್ತದೆ. ಇನ್ನು ಬ್ಯಾಸಿಲಸ್ ಸೀರಿಯಸ್ ಅನ್ನದಲ್ಲಿ ಬಿಡುವ, ವಾಂತಿ ತರಿಸುವ ವಿಷ ಕುಕ್ಕರಿನ ಬಿಸಿಗೂ ಬಗ್ಗುವುದಿಲ್ಲ. ‘ಚೆನ್ನಾಗಿ ಬಿಸಿ ಮಾಡಿದ್ದೇವಲ್ಲ’ ಎಂಬ ಮಾತು ಇಲ್ಲಿ ಕೆಲಸಕ್ಕೆ ಬಾರದು.

ಹಾಗಾದರೆ ಥರ್ಮಾಮೀಟರ್ ಮುಖವನ್ನೇ ನೋಡದ ನಮ್ಮ ಹಿಂದಿನವರು ಸಾವಿರಾರು ಜನಕ್ಕೆ ಹೇಗೆ ಬಡಿಸಿದರು? ಅವರ ಅಡುಗೆ ಕಾಯುತ್ತಾ ಕೂರುತ್ತಿರಲಿಲ್ಲ, ದೊಡ್ಡ ಕಾರಣ ಇದೇ. ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ, ಶೃಂಗೇರಿಯ ಭೋಜನಶಾಲೆಯಲ್ಲಿ ಇಂದಿಗೂ ಇದನ್ನು ಕಾಣಬಹುದು. ಒಂದು ಪಂಕ್ತಿ ಏಳುವಷ್ಟರಲ್ಲಿ ಇನ್ನೊಂದು ಕೂರುತ್ತದೆ, ಕೊಪ್ಪರಿಗೆ ತಣ್ಣಗಾಗುವ ಮೊದಲೇ ಬರಿದಾಗುತ್ತದೆ. ಸೌದೆ ಒಲೆಯ ಗುಣವೂ ನೆರವಾಗಿತ್ತು. ಉರಿ ತೆಗೆದರೂ ಕೆಂಡ ಉಳಿಯುತ್ತದೆ. ಅದರ ಮೇಲೆ ಕೂತ ಹುಳಿ ಮಧ್ಯಾಹ್ನ ತಿರುಗಿದರೂ ಕೈ ಸುಡುವಷ್ಟು ಬಿಸಿ. ದಾರಿಗೆ ಕಟ್ಟಿಕೊಳ್ಳುವ ಬುತ್ತಿಯಾದರೆ ಹುಣಸೆಹುಳಿ, ಎಣ್ಣೆ, ಉಪ್ಪು ಧಾರಾಳವಾಗಿ ಬಿದ್ದ ಪುಳಿಯೋಗರೆ. ಅಷ್ಟು ಹುಳಿಯಲ್ಲಿ ರೋಗಾಣು ಸುಲಭವಾಗಿ ಬೆಳೆಯದು. ತಂಗಳನ್ನಕ್ಕೆ ಮಜ್ಜಿಗೆ ಬೆರೆಸಿ ಇಡುತ್ತಿದ್ದುದರ ಹಿಂದೆಯೂ ಅದೇ ತಿಳಿವಳಿಕೆ.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನಲಾರೆ. ಜಾತ್ರೆಗೆ ಹೋಗುವವರಿಗೆ ಕಾಲರಾ ಚುಚ್ಚುಮದ್ದು ಹಾಕುತ್ತಿದ್ದ ಕಾಲ ಹಿರಿಯರ ನೆನಪಿನಲ್ಲಿ ಇನ್ನೂ ಇದೆ. ಕೆರೆಯ ನೀರಿಗೆ, ತೊಳೆಯದ ಕೈಗೆ ಕೆಂಡದಲ್ಲಿ ಮದ್ದಿರಲಿಲ್ಲ. ನೀರಿನ ವಿಷಯದಲ್ಲಿ ನಾವು ಬಹಳ ಮುಂದೆ ಬಂದಿದ್ದೇವೆ. ಬಿಸಿಯ ವಿಷಯದಲ್ಲಿ, ನಮಗರಿವಿಲ್ಲದೆ, ಹಿಂದೆ ಸರಿದಿದ್ದೇವೆ.

ಸರಿದದ್ದು ಒಂದೇ ಸಲಕ್ಕಲ್ಲ. ಮೊದಲು ಸೌದೆ ಹೋಗಿ ಗ್ಯಾಸ್ ಬಂತು. ಹೊಗೆ ತಪ್ಪಿತು, ಅಡುಗೆಯವರ ಶ್ವಾಸಕೋಶ ಉಳಿಯಿತು, ಅದು ದೊಡ್ಡ ಲಾಭ. ಆದರೆ ಗ್ಯಾಸ್ ಒಲೆಗೆ ಕೆಂಡವಿಲ್ಲ. ಸಿಲಿಂಡರಿನ ಬೆಲೆ ನೋಡಿ ಬರ್ನರ್ ಆರಿಸಿದ ಕ್ಷಣದಿಂದ ಸಾಂಬಾರ್ ಆರತೊಡಗುತ್ತದೆ. ಆಮೇಲೆ ಫ್ರಿಜ್ ಬಂತು. ಅದರ ಮೇಲೆ ನಮಗೆ ಅತಿಯಾದ ನಂಬಿಕೆ. ಇಪ್ಪತ್ತು ಲೀಟರ್ ಬಿಸಿ ಸಾರಿನ ಡಬರಿಯನ್ನು ಮುಚ್ಚಳ ಹಾಕಿ ಹಾಗೆಯೇ ಒಳಗಿಟ್ಟರೆ ನಡುಭಾಗ ರಾತ್ರಿ ಬಹುಹೊತ್ತು ಬೆಚ್ಚಗೇ ಇರುತ್ತದೆ, ಜೊತೆಗೆ ಪಕ್ಕದ ಹಾಲು ಮೊಸರನ್ನೂ ಬೆಚ್ಚಗಾಗಿಸುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಮರ ಬಿದ್ದು ಕರೆಂಟ್ ಹೋದರೆ ಫ್ರಿಜ್ ಬರೀ ಬೀರು.

ಕೊನೆಗೆ ಬಂದದ್ದು ಜನ. ಬೆಂಗಳೂರು–ಮಂಗಳೂರು ಹೆದ್ದಾರಿಯ ಬಸ್ಸುಗಳು, ಮುಳ್ಳಯ್ಯನಗಿರಿಗೆ ಶನಿವಾರ ಭಾನುವಾರ ಸಾಲುಗಟ್ಟುವ ಕಾರುಗಳು, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ನೆರೆಯುವ ಸಂದಣಿ, ಬೇಲೂರು ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಇನ್ನಷ್ಟು ಪ್ರವಾಸಿಗರು. ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತಾರೆಂದು ಅಡುಗೆಯವರಿಗೆ ತಿಳಿಯದು. ಆದ್ದರಿಂದ ಮೊದಲೇ ಮಾಡಿಡುತ್ತಾರೆ. ಹೋಂಸ್ಟೇಯಲ್ಲಿ ಒಂದೂವರೆಗೆ ಬರಬೇಕಾದ ಅತಿಥಿಗಳು ಜಲಪಾತ ನೋಡಿಕೊಂಡು ನಾಲ್ಕಕ್ಕೆ ಬರುತ್ತಾರೆ. ಕೋಳಿ ಸಾರು ಮುಚ್ಚಳದಡಿ ಕಾಯುತ್ತದೆ, ಮೇಜಿನ ಮೇಲಿನ ಬಫೆ ಪಾತ್ರೆಯ ಕೆಳಗಿನ ಮೇಣದ ದೀಪ ಯಾವಾಗಲೋ ನಂದಿರುತ್ತದೆ. ಮಲೆನಾಡಿನ ತಂಪು ಗಾಳಿ ಅಡುಗೆಯನ್ನು ಕಾಪಾಡುತ್ತದೆಂದು ಹಲವರು ನಂಬಿದ್ದಾರೆ. ನಮಗೆ ಚಳಿ ಎನಿಸುವ 20 ಡಿಗ್ರಿ ರೋಗಾಣುವಿಗೆ ಚಳಿಯಲ್ಲ, ತುಸು ನಿಧಾನ ಅಷ್ಟೆ. ಮುಚ್ಚಿಟ್ಟ ಡಬರಿಯ ನಡುವೆ ಆ 20 ಡಿಗ್ರಿಯೂ ಇರುವುದಿಲ್ಲ.

ಮದುವೆ ಛತ್ರದ ಅನ್ನದ ರಾಶಿಯಲ್ಲೂ ಹೀಗೆಯೇ. ಬಸಿದ ಅನ್ನವನ್ನು ಚಾಪೆಯ ಮೇಲೆ ಬಟ್ಟೆ ಹಾಸಿ ಸುರಿಯುತ್ತಾರೆ. ಹೊರಗಿನ ಅಗುಳು ಬೇಗ ಆರಿ ಉದುರುದುರಾಗುತ್ತದೆ. ಮೊಣಕೈವರೆಗೆ ಒಳಗೆ ತೂರಿಸಿದರೆ ಗೊತ್ತಾಗುತ್ತದೆ, ಗಂಟೆಗಳ ನಂತರವೂ ನಡುವೆ ಮೈಬಿಸಿಯಷ್ಟು ಬಿಸಿ ಉಳಿದಿರುತ್ತದೆ. ಬೆಳಗಿನ ಜಾವ ಮೂರಕ್ಕೆ ಸುರಿದ ರಾಶಿಗೆ, ಎರಡನೇ ಪಂಕ್ತಿಗೆ ಬಡಿಸುವ ಹೊತ್ತಿಗೆ, ಹತ್ತು ತಾಸು ದಾಟಿರುತ್ತದೆ.

ಕಾನೂನು ಏನು ಮಾಡುತ್ತಿತ್ತು ಎಂದರೆ, ಬಹಳ ಕಾಲ ಬೇರೆಡೆ ನೋಡುತ್ತಿತ್ತು. 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಹೆಸರೇ ಹೇಳುವಂತೆ ಕಲಬೆರಕೆಯ ಮೇಲೆ ಹುಟ್ಟಿದ್ದು: ಹಾಲಿಗೆ ನೀರು, ಮೆಣಸಿಗೆ ಪಪ್ಪಾಯಿ ಬೀಜ, ಬೇಳೆಗೆ ಬಣ್ಣ. ಫುಡ್ ಇನ್ಸ್‌ಪೆಕ್ಟರ್ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಅಡುಗೆ ಎಷ್ಟು ಬಿಸಿಯಲ್ಲಿ ಕೂತಿತ್ತೆಂಬುದನ್ನು ಸೀಲು ಹಾಕಿದ ಬಾಟಲಿ ಹೇಳಲಾರದು. 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂತು, ಅದರ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಾದವು. ಪರವಾನಗಿ ನಿಯಮದ ನಾಲ್ಕನೇ ಅನುಸೂಚಿಯಲ್ಲಿ ಎಲ್ಲವೂ ಇದೆ: ಬಿಸಿಯಾಗಿ ಬಡಿಸುವುದು ಕನಿಷ್ಠ 60 ಡಿಗ್ರಿಯಲ್ಲಿರಬೇಕು, ತಣ್ಣಗೆ ಬಡಿಸುವುದು 5ಕ್ಕಿಂತ ಮೇಲೇರಬಾರದು, ತೆಗೆದಿಡುವುದನ್ನು 60ರಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಸಿ ಅಲ್ಲಿಂದ ತಡಮಾಡದೆ 5ಕ್ಕೆ ತರಬೇಕು, ಮತ್ತೆ ಬಿಸಿ ಮಾಡಿದರೆ ಒಳಭಾಗ 75 ಮುಟ್ಟಬೇಕು.

ನಿಯಮ ಬಂದು ಒಂದು ದಶಕಕ್ಕೂ ಮೇಲಾಯಿತು, ಸುದ್ದಿಯಾಗುವುದು ಮಾತ್ರ ಇನ್ನೂ ಬಣ್ಣ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣ, ಬೊಂಬಾಯಿ ಮಿಠಾಯಿಯ ರೋಡಮೈನ್-ಬಿ ಎಂಬ ಬಣ್ಣ ನಿಷೇಧಿಸಿತು. 2025ರಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಹಾಸುವ ಪ್ಲಾಸ್ಟಿಕ್ ಹಾಳೆಯ ಮೇಲೆ ಕಣ್ಣು ಬಿತ್ತು. ಎರಡೂ ಬೇಕಾದ ಕ್ರಮಗಳೇ. ಆದರೆ ಆ ಇಡ್ಲಿಯ ಜೊತೆ ಬಕೆಟ್ಟಿನಲ್ಲಿ ಬರುವ ತೆಂಗಿನಕಾಯಿ ಚಟ್ನಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಹಸಿ ಕಾಯಿ, ಹಸಿ ನೀರು, ಬೇಯಿಸುವ ಹಂತವೇ ಇಲ್ಲ, ಮೇಲೊಂದು ಒಗ್ಗರಣೆ. ಮುಗಿಯುತ್ತಾ ಬಂದ ಬಕೆಟ್ಟಿಗೇ ಹೊಸ ಚಟ್ನಿ ಸುರಿಯುತ್ತಾರೆ. ಹೀಗೆ ಬೆಳಗಿನ ಆರರ ಚಟ್ನಿ ಮಧ್ಯಾಹ್ನ ಹನ್ನೆರಡರವರೆಗೂ ತಳದಲ್ಲಿ ಇದ್ದೇ ಇರುತ್ತದೆ. ನನ್ನನ್ನು ಕೇಳಿದರೆ ತಪಾಸಣೆ ಮೊದಲು ಆ ಬಕೆಟ್ಟಿನಿಂದಲೇ ಶುರುವಾಗಬೇಕು.

ನಮ್ಮ ಸೀಮೆಯವರಿಗೆ ಡಿಗ್ರಿಯ ಲೆಕ್ಕ ಬರುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹಾಸನ, ಚಿಕ್ಕಮಗಳೂರು, ಕೊಡಗು ಮೂರನ್ನೂ ಒಳಗೊಂಡ ಹಾಸನ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿ ಹಳ್ಳಿಯ ಡೇರಿಗಳಲ್ಲೇ ಶೀತಲೀಕರಣ ಘಟಕಗಳಿವೆ. ಕರೆದ ಹಾಲನ್ನು 4 ಡಿಗ್ರಿಗೆ ಇಳಿಸಿಯೇ ಟ್ಯಾಂಕರಿಗೆ ತುಂಬುವುದು. ತಡವಾದರೆ ಹಾಲು ಒಡೆಯುತ್ತದೆ, ದುಡ್ಡು ಹೋಗುತ್ತದೆ, ಆದ್ದರಿಂದ ಪ್ರತಿಯೊಬ್ಬರೂ ಮೀಟರ್ ನೋಡುತ್ತಾರೆ. ಹೋಟೆಲಿನ ಪಲ್ಯ ಕೆಟ್ಟರೆ ನಷ್ಟ ತಿಂದವರಿಗೆ, ಅದೂ ಅವರು ಘಾಟಿ ಇಳಿದು ಹೋದ ಮೇಲೆ. ಅಳತೆ ಹೋಟೆಲಿನೊಳಗೆ ಬಾರದಿರಲು ಇದೇ ಕಾರಣ ಎಂದು ನನಗನ್ನಿಸುತ್ತದೆ.

ಸ್ವಚ್ಛತೆಯನ್ನು ಬಿಸಿಯಿಂದ ಬೇರೆ ಮಾಡಿ ನೋಡಲಾಗದು. ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಮೂಗಿನಲ್ಲಿ, ಕೈಯ ಗಾಯದಲ್ಲಿ ಇರುತ್ತದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಅನ್ನ ಕಲಸಿದವರ ಕೈಯಿಂದ ಅದು ಪಾತ್ರೆಗಿಳಿದು, ಹೊರಗಿನ ಬಿಸಿಯಲ್ಲಿ ಬೆಳೆದು ವಿಷ ಬಿಡುತ್ತದೆ. ಆ ವಿಷವೂ ಕುದಿಸಿದರೆ ಹೋಗದು. ಗಾಯವಾದವರು, ಭೇದಿಯಾದವರು ಅಡುಗೆಗೆ ನಿಲ್ಲಬಾರದೆಂದು ನಿಯಮವಿದೆ. ಆದರೆ ಬೆಳಗಿನ ನಾಲ್ಕರಿಂದ ರಾತ್ರಿ ಹತ್ತರವರೆಗೆ ದುಡಿಯುವ ಹುಡುಗ ರಜೆ ಹಾಕಿದರೆ ಅವತ್ತಿನ ಕೂಲಿ ಇಲ್ಲ. ಕಾಯಿಲೆಯ ದಿನದ ಸಂಬಳ ಕೊಡದೆ ‘ಹುಷಾರಿಲ್ಲದಿದ್ದರೆ ಹೇಳಪ್ಪಾ’ ಎಂದು ಬೋರ್ಡ್ ಹಾಕಿದರೆ ಅವನು ಹೇಳುವುದಿಲ್ಲ. ಕೈ ತೊಳೆಯುವ ತೊಟ್ಟಿಯಲ್ಲಿ ಮುಸುರೆ ಪಾತ್ರೆ ರಾಶಿ ಬಿದ್ದಿದ್ದರೆ ಅವನು ಕೈಯನ್ನೂ ತೊಳೆಯುವುದಿಲ್ಲ. ಇವೆರಡೂ ಮಾಲೀಕರ ಕೈಯಲ್ಲಿರುವ ಮಾತು.

ಉಳಿದದ್ದಕ್ಕೆ ಖರ್ಚು ಅಷ್ಟಿಲ್ಲ. ಪಲ್ಯವನ್ನು ಒಂದೇ ಸಲ ಮಾಡದೆ ಎರಡು ಮೂರು ಸಲ ಮಾಡುವುದು, ಮಿಕ್ಕ ಸಾರನ್ನು ನಾಲ್ಕು ಬೆರಳಿಗಿಂತ ಆಳವಿಲ್ಲದ ತಟ್ಟೆಗಳಿಗೆ ಸುರಿದು, ಐಸ್ ನೀರಿನ ಮೇಲಿಟ್ಟು ಆರಿಸಿ, ಆಮೇಲೆ ಫ್ರಿಜ್ಜಿಗಿಡುವುದು, ಸಾಂಬಾರಿನ ಪಾತ್ರೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುವುದು, ಚಟ್ನಿಗೆ ಪ್ರತಿಸಲ ತೊಳೆದ ಬೇರೆ ಪಾತ್ರೆ. ಮತ್ತೆ ಒಂದು ಚುಚ್ಚು ಥರ್ಮಾಮೀಟರ್. ಅದು ಸರಿಯಿದೆಯೇ ಎಂದು ನೋಡಲು ಐಸ್ ಬೆರೆಸಿದ ನೀರಿನಲ್ಲಿ ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲವೆಂದು ಎಸೆಯಬೇಡಿ. ಸಾವಿರ ಮೀಟರಿನ ಆಸುಪಾಸಿನ ಎತ್ತರದಲ್ಲಿರುವ ಹಾಸನ, ಚಿಕ್ಕಮಗಳೂರಿನಲ್ಲಿ ನೀರು ಕುದಿಯುವುದೇ 96–97 ಡಿಗ್ರಿಗೆ. ಎರಡು ಗಂಟೆಗೊಮ್ಮೆ ಅಳೆದು ಬರೆಯುವ ಪುಸ್ತಕ ಗಲ್ಲಾದ ಡ್ರಾಯರಿನಲ್ಲಿ ಬೇಡ, ಒಲೆಯ ಬಳಿ ಭಟ್ಟರ ಕೈಗೆ ಸಿಗುವಂತಿರಲಿ. 52 ಎಂದು ಕಂಡ ಕೂಡಲೇ ಬರ್ನರ್ ಹಚ್ಚಬೇಕಾದವರು ಅವರು.