ಆಕ್ಸಾಲಿಕ್ ಆಮ್ಲದ ವಿಷ: ಬಾಯಿ ನೋಡಿದರೆ ಸಾಲದು, ಕೈ ನೋಡಿ, ಮೂತ್ರ ನೋಡಿ

ಫಾರೆನ್ಸಿಕ್ ಮೆಡಿಸಿನ್ ಓದುವಾಗ ಆಕ್ಸಾಲಿಕ್ ಆಮ್ಲವನ್ನೂ ಸಲ್ಫ್ಯೂರಿಕ್, ನೈಟ್ರಿಕ್ ಸಾಲಿಗೇ ಸೇರಿಸಿ ಮುಂದೆ ಹೋಗಿಬಿಡುತ್ತೇವೆ. ಯಡವಟ್ಟಾಗುವುದು ಅಲ್ಲೇ. ಅವು ಮುಟ್ಟಿದ ಜಾಗ ಸುಡುತ್ತವೆ. ಇದು ಸುಡುವುದಷ್ಟೇ ಅಲ್ಲ, ರಕ್ತಕ್ಕೆ ಸೇರಿ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಈ ಮಾತು ತಲೆಯಲ್ಲಿ ಕೂತರೆ ಲಕ್ಷಣಗಳನ್ನು ಉರು ಹೊಡೆಯುವುದೇ ಬೇಡ.

ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬ್ ನೋಡಿದ್ದೀರಲ್ವಾ? ಅದರಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಜೊತೆ ಪೊಟ್ಯಾಸಿಯಂ ಆಕ್ಸಲೇಟ್ (ಇದೇ ಆಮ್ಲದ ಲವಣ) ಇರುತ್ತದೆ. ಅದು ಕ್ಯಾಲ್ಸಿಯಂ ಕಟ್ಟಿಹಾಕುವುದರಿಂದಲೇ ರಕ್ತ ಹೆಪ್ಪುಗಟ್ಟುವುದಿಲ್ಲ. ವಿಷ ತಗೊಂಡವರ ಮೈಯಲ್ಲೂ ಕ್ಯಾಲ್ಸಿಯಂಗೆ ಆಗುವುದು ಇದೇ ಗತಿ.

ತುಕ್ಕಿನ ಕಲೆ ತೆಗೆಯುವ ಪುಡಿಯಲ್ಲಿ ಇದು ಸಿಗುತ್ತದೆ. ನೋಡಲು ಭೇದಿಗೆ ಕೊಡುವ ಎಪ್ಸಮ್ ಉಪ್ಪಿನ ಹಾಗೇ ಹರಳು ಹರಳು, ಹಾಗಾಗಿ ಅದು ಅಂದುಕೊಂಡು ಇದನ್ನು ಕುಡಿಯುವುದೂ ಉಂಟು. ಪೊಟ್ಟಣ ಸಿಕ್ಕರೆ ನೀರಲ್ಲಿ ಕರಗಿಸಿ ಸೋಡಿಯಂ ಕಾರ್ಬೊನೇಟ್ ಹಾಕಿ: ಬುಸ್ಸೆಂದು ನೊರೆ ಬಂದರೆ ಆಕ್ಸಾಲಿಕ್, ನೊರೆ ಇಲ್ಲದೆ ಬಿಳಿ ಗಸಿ ಬಂದರೆ ಎಪ್ಸಮ್. ರುಚಿ ಮಾತ್ರ ನೋಡಬೇಡಿ!

15ರಿಂದ 20 ಗ್ರಾಂ ಹೊಟ್ಟೆಗೆ ಹೋದರೆ ಗಂಟಲು ಉರಿ, ಕಾಫಿ ಗಸಿಯಂಥ ವಾಂತಿ, ಒಂದೆರಡು ಗಂಟೆಯಲ್ಲೇ ಸಾವು ಬರಬಹುದು. ಕಡಿಮೆ ಹೋದಾಗಲೇ ನಾವು ಮೋಸ ಹೋಗುವುದು, ಯಾಕೆಂದರೆ ಬಾಯಿ ಅಷ್ಟೇನೂ ಸುಟ್ಟಿರುವುದಿಲ್ಲ, ರೋಗಿ ಕೂತು ಮಾತಾಡುತ್ತಿರುತ್ತಾರೆ. ತುಟಿ ಜುಮ್ಮೆನ್ನುತ್ತದಾ ಕೇಳಿ. ಬಿಪಿ ಪಟ್ಟಿ ಕಟ್ಟಿ, ಮೇಲಿನ ಬಿಪಿಗಿಂತ ಜಾಸ್ತಿ ಏರಿಸಿ, ಮೂರು ನಿಮಿಷ ಬಿಡಿ: ಮಣಿಕಟ್ಟು ಬಾಗಿ, ಹೆಬ್ಬೆರಳು ಒಳಕ್ಕೆ ಸೇರಿ, ಉಳಿದ ಬೆರಳು ನೆಟ್ಟಗೆ ಒಂದಕ್ಕೊಂದು ಅಂಟಿ ನಿಂತರೆ ಅದೇ ಟ್ರೂಸೋ ಚಿಹ್ನೆ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ ಅನ್ನುವುದರ ಗುರುತು. ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರವೂ ಉದ್ದವಾಗಿರುತ್ತದೆ.

ಆಮೇಲೆ ಕಿಡ್ನಿ. ಮೂತ್ರ ಕಡಿಮೆಯಾಗುತ್ತದೆ, ಅದರಲ್ಲಿ ರಕ್ತ, ಆಲ್ಬುಮಿನ್ ಅನ್ನುವ ಪ್ರೋಟೀನ್, ಮೈಕ್ರೋಸ್ಕೋಪಿನಡಿ ಅಂಚೆ ಲಕೋಟೆಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಆದರೆ ಪಾಲಕ್ ಜಾಸ್ತಿ ತಿಂದವರ ಮೂತ್ರದಲ್ಲೂ ಹರಳು ಕಾಣಬಹುದು, ಗಾಡಿ ಎಂಜಿನ್‌ನ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಕುಡಿದವರಲ್ಲೂ ಇದೇ ಹರಳು. ಗ್ಲೈಕಾಲ್ ಆದರೆ ಶುರುವಿನಲ್ಲಿ ಹೆಂಡ ಕುಡಿದವರ ಹಾಗೆ ಅಮಲು ಇರುತ್ತದೆ. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿಯಲಿ ಅಂತ ಬಿಂಬುಳಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರ ವರದಿಗಳಿವೆ, ಅದೂ ಆಕ್ಸಲೇಟಿನ ಕೆಲಸವೇ. ಹಾಗಾಗಿ ಮನೆಮದ್ದೂ ಕೇಳಿ.

ಕ್ಯಾಲ್ಸಿಯಂ ಪರೀಕ್ಷೆಗೆ ರಕ್ತವನ್ನು ಬೂದು ಟ್ಯೂಬಿಗೋ ನೇರಳೆ ಟ್ಯೂಬಿಗೋ ಹಾಕಿದರೆ ಅದರೊಳಗಿನ ಮದ್ದೇ ಕ್ಯಾಲ್ಸಿಯಂ ಹಿಡಿದುಕೊಂಡು ಸುಮ್ನೆ ಕಡಿಮೆ ತೋರಿಸುತ್ತದೆ, ವಿಷವೇ ಇಲ್ಲದವರಲ್ಲೂ. ಕೆಂಪು ಮುಚ್ಚಳದ್ದಕ್ಕೇ ಹಾಕಿ. ಆದರೆ ಕೈ ಸೆಟೆದುಕೊಂಡಿದ್ದರೆ ರಿಪೋರ್ಟಿಗೆ ಕಾಯುತ್ತಾ ಕೂರಬೇಡಿ, ಕ್ಯಾಲ್ಸಿಯಂ ಗ್ಲೂಕೊನೇಟ್ ತಕ್ಷಣ ಬೇಕು.